ಚಂದಾ ವ್ಯವಹಾರದಲ್ಲಿ ತಿಂಗಳ ಖರ್ಚು ಇಳಿಸಿದ್ದು: ನನ್ನ ಅನುಭವ

ಮಕ್ಕಳಿಗೆ ಗಣಿತ ಹೇಳಿಕೊಡುವ ವಿಡಿಯೊ ಪಾಠಗಳನ್ನು ನಾನು ಆನ್‌ಲೈನ್‌ನಲ್ಲಿ ತಿಂಗಳ ಚಂದಾಕ್ಕೆ ಕೊಡುತ್ತೇನೆ. ಎರಡನೇ ವರ್ಷ ಚಂದಾದಾರರು ಜಾಸ್ತಿಯಾದರು. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುತ್ತಿದ್ದುದು ಮೊದಲಿನಷ್ಟೇ. ಒಂದು ಭಾನುವಾರ ಕೂತು ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಲು ಸಾಲಾಗಿ ಓದಿದೆ. ಚಂದಾ ಮಾರುವ ನಾನೇ 14 ಕಡೆ ಚಂದಾ ಕಟ್ಟುತ್ತಿದ್ದೆ.

ಇಮೇಲ್ ಕಳಿಸಲು ಒಂದು, ಚಾಟ್‌ಗೆ ಒಂದು, ಚಿತ್ರ ಮಾಡಲು ಒಂದು, ಸಮೀಕ್ಷೆಗೆ ಇನ್ನೊಂದು. ಕೆಲವು ಉಚಿತ ಅವಧಿ ಮುಗಿದ ಮೇಲೆ ತಾವಾಗಿಯೇ ಹಣ ಕೀಳಲು ಶುರು ಮಾಡಿದ್ದವು. ಕೆಲಸ ಬಿಟ್ಟುಹೋದ ಸಹೋದ್ಯೋಗಿಯ ಖಾತೆಗೆ ಏಳು ತಿಂಗಳಿಂದ ದುಡ್ಡು ಹೋಗುತ್ತಲೇ ಇತ್ತು. ಅವತ್ತೇ ಆರು ನಿಲ್ಲಿಸಿದೆ. ಈಗ ಹೊಸದೇನಾದರೂ ತೆಗೆದುಕೊಂಡರೆ, ನವೀಕರಣಕ್ಕೆ ಒಂದು ವಾರ ಮೊದಲಿನ ದಿನವನ್ನು ಆಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತೇನೆ.

ಮುಂದಿನದು ವಿಡಿಯೊ. ಪಾಠ ಇಟ್ಟುಕೊಳ್ಳುವುದಕ್ಕಿಂತ ಅದನ್ನು ಜನ ನೋಡುವಾಗ ಸರ್ವರ್‌ನಿಂದ ಹೊರಹೋಗುವ ಡೇಟಾಕ್ಕೇ ನನಗೆ ಜಾಸ್ತಿ ಬಿಲ್ ಬರುತ್ತಿತ್ತು. ಎಲ್ಲ ಪಾಠವೂ 1080ಪಿ ಗುಣಮಟ್ಟದಲ್ಲಿ ಹೋಗುತ್ತಿತ್ತು. ಬಿಳಿ ಹಲಗೆ ಮೇಲೆ ದಪ್ಪ ಅಕ್ಷರದಲ್ಲಿ ಲೆಕ್ಕ ಬಿಡಿಸುವುದಕ್ಕೆ ಅಷ್ಟು ಬೇಕಾ? 480ಪಿಯಲ್ಲಿ ಪಿಕ್ಸೆಲ್‌ಗಳು, ಅಂದರೆ ಚಿತ್ರದ ಚುಕ್ಕಿಗಳು, ಅದರ ಸುಮಾರು ಐದನೇ ಒಂದು ಭಾಗ, ಹೊರಹೋಗುವ ಡೇಟಾವೂ ಕಡಿಮೆ. ಸಣ್ಣ ಫೋನಿನಲ್ಲಿ ಹಾಕಿ ನೋಡಿದೆ, ಪ್ರತಿ ಅಂಕಿಯೂ ಓದಲು ಬಂತು. ಅದನ್ನೇ ಮೊದಲ ಆಯ್ಕೆ ಮಾಡಿದೆ. ಬೇಕಾದವರು ಹೆಚ್ಚಿನ ಗುಣಮಟ್ಟ ಆರಿಸಿಕೊಳ್ಳಬಹುದು. ಯಾರೂ ದೂರಲಿಲ್ಲ.

ನಾನು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಪಾವತಿ ಶುಲ್ಕದ ಬಗ್ಗೆ. ನಮ್ಮ ಪಾವತಿ ಸೇವೆ ಪ್ರತಿ ಸಲ ಶೇಕಡಾ ಇಷ್ಟು, ಅದರ ಮೇಲೆ ನಿಗದಿತ ಸಣ್ಣ ಮೊತ್ತ ಹಿಡಿಯುತ್ತದೆ. ತಿಂಗಳ ಚಂದಾ 100 ಅಂತ ಇಟ್ಟುಕೊಳ್ಳಿ. ಶುಲ್ಕ ಶೇಕಡಾ 3 ಮತ್ತು ಮೇಲೆ 3. ವರ್ಷಕ್ಕೆ 12 ಸಲ ಆರಾರರಂತೆ 72 ಹೋಯಿತು. ಅದೇ ಚಂದಾದಾರ ವರ್ಷದ ಹಣ 1000 ಒಂದೇ ಸಲ ಕಟ್ಟಿದರೆ ಹೋಗುವುದು 33. ಆದರೆ ಎರಡು ತಿಂಗಳು ಬಿಟ್ಟುಕೊಟ್ಟಿದ್ದರಿಂದ 200 ಕಡಿಮೆ ಬಂತು, ಶುಲ್ಕದಲ್ಲಿ ಉಳಿತಾಯವಾದದ್ದು 39 ಮಾತ್ರ. ಇಷ್ಟಕ್ಕೇ ನಿಲ್ಲಿಸಿದರೆ ನಷ್ಟವೇ ಅಲ್ವಾ?

ಇಲ್ಲಿ ಬಿಟ್ಟುಹೋಗುವವರನ್ನೂ ಲೆಕ್ಕಕ್ಕೆ ತರಬೇಕು. ತಿಂಗಳಿಗೆ ಶೇಕಡಾ 5 ಜನ ಬಿಟ್ಟರೆ ವರ್ಷದ ಕೊನೆಗೆ 100ರಲ್ಲಿ ಸುಮಾರು 54 ಜನ ಉಳಿಯುತ್ತಾರೆ. ಅಂದರೆ ಒಬ್ಬ ಚಂದಾದಾರನಿಂದ ಸರಾಸರಿ ಬರುವುದು 1200 ಅಲ್ಲ, ಸುಮಾರು 920. ಆಗ 1000 ಚೆನ್ನಾಗಿಯೇ ಕಾಣುತ್ತದೆ. ಒಂದು ಎಚ್ಚರಿಕೆ: ಹೇಗೂ ವರ್ಷವಿಡೀ ಇರುವವರೇ ವಾರ್ಷಿಕ ಚಂದಾ ಕಟ್ಟಿದರೆ ಈ ಲಾಭ ಸಿಗುವುದಿಲ್ಲ. ಹಾಗಾಗಿ ನಾನು ವಾರ್ಷಿಕ ಆಯ್ಕೆಯನ್ನು ಹೊಸಬರಿಗೆ ಮೊದಲ ತಿಂಗಳಲ್ಲೇ ತೋರಿಸುತ್ತೇನೆ. ಬಂದ ಹಣವನ್ನು ಬೇರೆ ಖಾತೆಯಲ್ಲಿಟ್ಟು ತಿಂಗಳಿಗೆ ಹನ್ನೆರಡನೇ ಒಂದು ಭಾಗ ಮಾತ್ರ ತೆಗೆಯುತ್ತೇನೆ. ಪಾಠ ಕೊಡುವುದು ಇನ್ನೂ ಬಾಕಿ ಇರುವಾಗ ಆ ದುಡ್ಡು ನಮ್ಮದಲ್ಲ.

ಕಾರ್ಡ್ ಅವಧಿ ಮುಗಿದು ಪಾವತಿ ಫೇಲ್ ಆದವರನ್ನು ಮೊದಲು ಸೀದಾ ತೆಗೆದುಹಾಕುತ್ತಿದ್ದೆವು. ಈಗ ಮೂರನೇ ದಿನ, ಏಳನೇ ದಿನ ಮತ್ತೆ ಪ್ರಯತ್ನಿಸುತ್ತೇವೆ, ಜೊತೆಗೆ ಒಂದು ಸಂದೇಶ ಹೋಗುತ್ತದೆ. ಅವರ ಜಾಗಕ್ಕೆ ಹೊಸಬರನ್ನು ತರಲು ಜಾಹೀರಾತಿಗೆ ಸುರಿಯುತ್ತಿದ್ದ ಹಣ ಉಳಿಯಿತು.

ಪ್ರಶ್ನೆಗಳಿಗೆ ಉತ್ತರಿಸಲು ಇನ್ನೊಬ್ಬರನ್ನು ತೆಗೆದುಕೊಳ್ಳಬೇಕು ಅಂದುಕೊಂಡಿದ್ದೆ. ಅದಕ್ಕೂ ಮೊದಲು ಒಂದು ತಿಂಗಳ ಇಮೇಲ್‌ಗಳನ್ನು ಗುಂಪು ಮಾಡಿದೆ. ಅತಿ ದೊಡ್ಡ ಗುಂಪು ‘ಚಂದಾ ನಿಲ್ಲಿಸುವುದು ಹೇಗೆ’ ಎಂಬುದು. ಆ ಗುಂಡಿಯನ್ನು ನಾವೇ ಮೂರು ಪುಟ ಒಳಗೆ ಇಟ್ಟಿದ್ದೆವು. ಹೊರಗೆ ತಂದೆವು. ಆ ಇಮೇಲ್‌ಗಳು ಬಹುತೇಕ ನಿಂತವು. ಸಿಟ್ಟಿನಿಂದ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಕೇಳುವವರೂ ಕಡಿಮೆಯಾದರು. ಅಂಥ ಪ್ರತಿ ದೂರಿಗೆ ನಮಗೆ ಬೇರೆ ದಂಡ ಬೀಳುತ್ತಿತ್ತು. ಹೊಸಬರನ್ನು ತೆಗೆದುಕೊಳ್ಳುವ ಅಗತ್ಯವೇ ಬರಲಿಲ್ಲ.

ಈಗ ಪ್ರತಿ ತಿಂಗಳ ಮೊದಲ ದಿನ ಒಂದೇ ಅಂಕಿ ನೋಡುತ್ತೇನೆ: ಒಟ್ಟು ಓವರ್‌ಹೆಡ್ ಖರ್ಚನ್ನು, ಅಂದರೆ ವ್ಯವಹಾರ ನಡೆಸಲು ತಗಲುವ ಇಂಥ ಖರ್ಚುಗಳನ್ನು, ಚಂದಾದಾರರ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು? ಹೋದ ತಿಂಗಳಿಗಿಂತ ಜಾಸ್ತಿ ಬಂದರೆ ಕಾರಣ ಸಿಗುವವರೆಗೆ ಏಳುವುದಿಲ್ಲ.

ಒಂದು ಕಡಿತವನ್ನು ಮಾತ್ರ ವಾಪಸ್ ತೆಗೆದುಕೊಂಡೆ. ಸುಮ್ನೆ ಹಣ ಹೋಗುತ್ತಿದೆ ಅಂತ ಬ್ಯಾಕಪ್ ಸೇವೆ ನಿಲ್ಲಿಸಿದ್ದೆ. ಎರಡು ತಿಂಗಳಾದ ಮೇಲೆ ಒಂದು ಫೋಲ್ಡರ್ ಕೈತಪ್ಪಿ ಅಳಿಸಿಹೋಯಿತು. ಭಿನ್ನರಾಶಿಯ 11 ಪಾಠಗಳನ್ನು ರಾತ್ರಿ ಕೂತು ಮತ್ತೆ ರೆಕಾರ್ಡ್ ಮಾಡಿದೆ. ಮೊದಲ ಪಾಠ ಮುಗಿಯುವ ಮೊದಲೇ ಬ್ಯಾಕಪ್‌ಗೆ ಹಣ ಕಟ್ಟಿಯಾಗಿತ್ತು.