ಹೊಲಿಗೆ ತರಬೇತಿ ಮುಗಿಸಿದವರಿಗೆ: ಲೈನಿಂಗ್ ರವಿಕೆ ಸುಕ್ಕು ಬಾರದಂತೆ ಹೊಲಿಯುವುದು

ಉಜಿರೆ, ಬ್ರಹ್ಮಾವರದ ರುಡ್‌ಸೆಟ್ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಉಚಿತವಾಗಿ ಹೊಲಿಗೆ ಕಲಿತು ಮನೆಯಲ್ಲಿ ಮಿಶನ್ ಇಟ್ಟವರಿಗೆ ಹೆಚ್ಚಾಗಿ ಮೊದಲು ಬರುವುದು ಲೈನಿಂಗ್ ರವಿಕೆ. ನೈಟಿ ಸ್ವಲ್ಪ ಸಡಿಲವಾದರೂ ನಡೆಯುತ್ತದೆ. ರವಿಕೆ ಅರ್ಧ ಇಂಚು ತಪ್ಪಿದರೂ ಮೈಗೆ ಕೂರುವುದಿಲ್ಲ.

ಅಳತೆ ರವಿಕೆ ಕೊಟ್ಟರೂ ಮೈ ಅಳತೆ ತೆಗೆಯಿರಿ. ಹಳೇ ರವಿಕೆ ಹಿಗ್ಗಿರುತ್ತದೆ, ಇಲ್ಲವೇ ಕುಗ್ಗಿರುತ್ತದೆ. ಎದೆ ಸುತ್ತಳತೆ 36 ಇಂಚು ಇದ್ದರೆ ಅದರ ಕಾಲು ಭಾಗ 9, ಸಡಿಲಿಕೆಗೆ ಅರ್ಧ, ಬದಿಯಲ್ಲಿ ಒಳಗೆ ಬಿಡಲು ಒಂದೂವರೆ, ಹೀಗೆ 11 ಇಂಚಿಗೆ ಗುರುತು ಹಾಕಿ. ಹುಕ್ ಪಟ್ಟಿಯ ಲೆಕ್ಕ ಬೇರೆ. ಆ ಒಂದೂವರೆ ಇಂಚಿನಲ್ಲಿ ಉಳಿತಾಯ ಬೇಡ. ಬಾಣಂತನ ಮುಗಿದ ಮೇಲೆ ಅದೇ ರವಿಕೆಯನ್ನು ಬಿಚ್ಚಿ ದೊಡ್ಡದು ಮಾಡಲು ತರುವವರು ಬಹಳ.

ನಿಜವಾದ ಕೆಲಸ ಲೈನಿಂಗ್‌ನಲ್ಲಿದೆ. ಹತ್ತಿಯ ಲೈನಿಂಗ್ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಮೇಲಿನ ಬಟ್ಟೆ ಅಷ್ಟು ಕುಗ್ಗುವುದಿಲ್ಲ. ಹೊಲಿಗೆಯುದ್ದಕ್ಕೂ ಸುಕ್ಕು ಬರುವುದು ಇದರಿಂದಲೇ. ಹಾಗಾಗಿ ಕತ್ತರಿಸುವ ಮೊದಲು ಲೈನಿಂಗನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಸ್ವಲ್ಪ ಪಸೆ ಇರುವಾಗಲೇ ಇಸ್ತ್ರಿ ಮಾಡಿ. ಮೇಲಿನ ಬಟ್ಟೆಯನ್ನು ಲೈನಿಂಗ್ ಮೇಲೆ ಇಟ್ಟು ಸುತ್ತ ಅಂಚಿನಿಂದ ಕಾಲು ಇಂಚು ಒಳಗೆ ಉದ್ದ ಹೊಲಿಗೆ ಹಾಕಿ. ಇದನ್ನು ಮೇಜಿನ ಮೇಲೆ ಹರಡಿಯೇ ಜೋಡಿಸಬೇಕು. ತೊಡೆಯ ಮೇಲೆ ಇಟ್ಟರೆ ಒಂದು ಪದರ ಜಾರಿ ಜೋತು ಬೀಳುತ್ತದೆ.

ಟಕ್ಸ್, ಅಂದರೆ ಆಕಾರಕ್ಕಾಗಿ ಬಟ್ಟೆ ಮಡಚಿ ಹಾಕುವ ಹೊಲಿಗೆ, ಎದೆಯ ತುದಿಗಿಂತ ಒಂದು ಇಂಚು ಹಿಂದೆಯೇ ನಿಲ್ಲಲಿ. ಕೊನೆಗೆ ಹೊಲಿಗೆಯನ್ನು ಸಪೂರ ಮಾಡುತ್ತಾ ಬಟ್ಟೆಯಿಂದ ಹೊರಗೆ ಬಿಟ್ಟು, ನೂಲನ್ನು ಕೈಯಲ್ಲೇ ಗಂಟು ಹಾಕಿ. ಅಲ್ಲಿ ಹಿಂದೆ ಮುಂದೆ ಹೊಲಿದರೆ ಗುಬುಟು ಎದ್ದು ಕಾಣುತ್ತದೆ.

ತೆಳು ರೇಷ್ಮೆಗೆ 11 ನಂಬರ್ ಸೂಜಿ, ಸಾಮಾನ್ಯ ಹತ್ತಿಗೆ 14. ಬಟ್ಟೆಯ ಅಡಿಯಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಬಂದರೆ ಮೇಲಿನ ನೂಲು ಸಡಿಲ ಎಂದರ್ಥ. ಬಾಬಿನ್ ನೂಲು, ಅಂದರೆ ಅಡಿಯ ನೂಲು, ಮೇಲೆ ಕಂಡರೆ ಮೇಲಿನದು ಬಿಗಿ. ಹೊಲಿಗೆ ತಪ್ಪಿ ತಪ್ಪಿ ಬೀಳುತ್ತಿದ್ದರೆ ಬೇರೇನೂ ಮುಟ್ಟದೆ ಮೊದಲು ಸೂಜಿ ಬದಲಿಸಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಾಲ್ಮಿಶನ್‌ನ ಚರ್ಮದ ಬೆಲ್ಟ್ ಸಡಿಲವಾಗಿ ಚಕ್ರ ಜಾರುತ್ತದೆ. ಸ್ವಲ್ಪ ಕತ್ತರಿಸಿ ಮತ್ತೆ ಕೊಂಡಿ ಹಾಕಿ. ವಾರಕ್ಕೊಮ್ಮೆ ಬಾಬಿನ್ ಕೂರುವ ಶಟಲ್ ಬಿಚ್ಚಿ ನೂಲಿನ ಧೂಳು ತೆಗೆದು ಮಿಶನ್ ಎಣ್ಣೆ ಬಿಡಿ. ತೆಂಗಿನೆಣ್ಣೆ ಬೇಡವೇ ಬೇಡ, ಅಂಟುಗಟ್ಟಿ ಮಿಶನ್ ಬಿಗಿಯುತ್ತದೆ. ಎಣ್ಣೆ ಬಿಟ್ಟ ಕೂಡಲೇ ಗಿರಾಕಿಯ ಬಟ್ಟೆ ಇಡಬೇಡಿ. ಚಿಂದಿಯ ಮೇಲೆ ಎರಡು ನಿಮಿಷ ಓಡಿಸಿ, ಇಲ್ಲದಿದ್ದರೆ ರೇಷ್ಮೆಗೆ ಕಲೆ.

ತುಳು ತಿಂಗಳು ಆಟಿಯಲ್ಲಿ (ಜುಲೈ-ಆಗಸ್ಟ್) ಮದುವೆ ಇಲ್ಲ, ಕೆಲಸ ಕಡಿಮೆ. ಲೈನಿಂಗ್, ಹುಕ್, ನೂಲು ತಂದಿಟ್ಟುಕೊಳ್ಳಲು, ಮಿಶನ್ ರಿಪೇರಿಗೆ ಅದೇ ಸಮಯ. ಚೌತಿ, ನವರಾತ್ರಿಗೆ ಬಟ್ಟೆ ವಹಿಸಿಕೊಳ್ಳುವಾಗ ಲೈನಿಂಗ್, ಹುಕ್‌ನ ಹಣ ಮತ್ತು ಮಜೂರಿ ಬೇರೆ ಬೇರೆ ಬರೆದು ಚೀಟಿ ಕೊಡಿ. ಒಟ್ಟಿಗೇ ಒಂದು ಮೊತ್ತ ಹೇಳಿದರೆ ಚೌಕಾಸಿಯಲ್ಲಿ ಕಡಿಮೆಯಾಗುವುದು ನಿಮ್ಮ ಮಜೂರಿಯೇ.