ಊಟದ ನಂತರದ ಪಿರಿಯಡ್

ಪಾವಗಡದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಮಕ್ಕಳು ತರಗತಿಯಲ್ಲಿ ಯಾಕೆ ತೂಕಡಿಸುತ್ತಾರೆ ಎಂದರೆ ಸ್ಟಾಫ್ ರೂಮಿನಲ್ಲಿ ಸಿಗುವ ಉತ್ತರ ಒಂದೇ, ಮೊಬೈಲ್. ಅದು ಸುಳ್ಳಲ್ಲ. ಆದರೆ ಒಮ್ಮೆ ಹತ್ತನೇ ತರಗತಿಯವರಿಗೆ ಚೀಟಿ ಕೊಟ್ಟು, ಬೆಳಗ್ಗೆಯಿಂದ ಹೊಟ್ಟೆಗೆ ಏನು ಹೋಗಿದೆ ಬರೀರಿ ಎಂದೆ. ಬಹುತೇಕ ಚೀಟಿಗಳಲ್ಲಿ ಇದ್ದದ್ದು 'ಟೀ', ಇಲ್ಲವೇ 'ಟೀ, ಬನ್ನು'. ಅಮ್ಮ ಕೂಲಿಗೆ ಹೊರಟಿರುತ್ತಾರೆ, ಇರುವ ಒಂದು ಬಸ್ಸು ತಪ್ಪಿಸುವ ಹಾಗಿಲ್ಲ. ತಿಂಡಿಗೆ ಪುರುಸೊತ್ತೆಲ್ಲಿ?

2013ರಿಂದ ಸರ್ಕಾರದ ಕ್ಷೀರಭಾಗ್ಯ ಯೋಜನೆಯ ಹಾಲು ಶಾಲೆಗೆ ಬರುತ್ತಿದೆ. ಹಾಲಿನ ಪುಡಿಯ ವಾಸನೆ ಆಗದವರು ಲೋಟ ಹಿಡಿದು ನಲ್ಲಿ ಕಡೆ ಹೋಗಿ ಚೆಲ್ಲಿಬಿಡುತ್ತಿದ್ದರು. 2024ರಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಬೆರೆಸಿ ಕೊಡಲು ಶುರುವಾದ ಮೇಲೆ ಆ ದಿನಗಳಲ್ಲಿ ಚೆಲ್ಲುವುದು ಕಮ್ಮಿಯಾಯಿತು. ಇದರ ಜೊತೆಗೆ ಮನೆಯಿಂದ ತನ್ನಿ ಎಂದು ನಾನು ಮಕ್ಕಳನ್ನು ಕೇಳಿದ್ದು ಒಂದು ಹಿಡಿ ಹುರಿದ ಕಡ್ಲೆಕಾಯಿ ಬೀಜ, ಚೂರು ಬೆಲ್ಲ. ನಮ್ಮ ಕಡೆ ಯಾವ ಮನೆಯಲ್ಲೂ ಇರುವಂಥದ್ದು. ಚಿಕ್ಕ ಬೆಲ್ ಹೊಡೆದಾಗ ತಿನ್ನಬೇಕು, ಸಿಪ್ಪೆ ಡೆಸ್ಕಿನೊಳಗೆ ಹಾಕಬಾರದು. ಎರಡನೆಯದು ಇವತ್ತಿಗೂ ಪಾಲನೆಯಾಗಿಲ್ಲ.

ರಕ್ತಹೀನತೆಯ ಸುಸ್ತು ಬಾರದಿರಲೆಂದು ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆ ಎಂದರೆ ಹೆಣ್ಣುಮಕ್ಕಳು ಮುಖ ಕಿವುಚುತ್ತಿದ್ದರು. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತದೆ. ಬಿಸಿಯೂಟ ಆದ ಮೇಲೆ ನಮ್ಮೆದುರೇ ನುಂಗಿಸುತ್ತೇವೆ. ಊಟದ ಹಿಂದೆಮುಂದೆ ಟೀ ಕುಡಿದರೆ ಮೈಗೆ ಸೇರಬೇಕಾದ ಕಬ್ಬಿಣ ಸರಿಯಾಗಿ ಸೇರುವುದಿಲ್ಲ, ನಿಂಬೆಹುಳಿ ಇದ್ದರೆ ಚೆನ್ನಾಗಿ ಸೇರುತ್ತದೆ ಎಂಬುದನ್ನೂ ಪಾಠದಲ್ಲೇ ಸೇರಿಸಿದೆ.

ನನಗೆ ಹೆಚ್ಚು ಕೆಲಸ ಕೊಟ್ಟದ್ದು ನೀರು. ಮೂರು ಗಂಟೆಯಾದರೆ ತಲೆನೋವು ಎಂದು ಬರುತ್ತಿದ್ದವರೆಲ್ಲ ಹುಡುಗಿಯರೇ. ಬಾಟಲಿ ನೋಡಿದರೆ ಬೆಳಗ್ಗೆ ತಂದ ನೀರು ಹಾಗೇ ಇದೆ. "ಕುಡಿದ್ರೆ ಹೋಗ್ಬೇಕಾಗುತ್ತಲ್ಲ ಮಿಸ್" ಎಂದಳು ಒಬ್ಬಳು. ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ, ಒಬ್ಬಳು ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಒಳಗೆ ನೀರೂ ಇಲ್ಲ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲು ನೆನಪಿಸುವ ನೀರಿನ ಬೆಲ್ ಬಂತೆಂದು ಸುದ್ದಿಯಾಗಿತ್ತು, ನಾವೂ ಹೊಡೆಯೋಣ ಎಂದು ಸಹೋದ್ಯೋಗಿಗಳು ಹುರುಪಿನಲ್ಲಿದ್ದರು. ಮೊದಲು ಚಿಲಕ, ಆಮೇಲೆ ಬೆಲ್ ಎಂದೆ. ಶಾಲಾ ಸಮಿತಿಯ ಸಭೆಯಲ್ಲಿ ಗಂಡಸರ ಎದುರು ಈ ವಿಷಯ ಎತ್ತಿದಾಗ ಎಲ್ಲರೂ ನೆಲ ನೋಡತೊಡಗಿದರು. ಆದರೂ ಅದೇ ವಾರ ಚಿಲಕ ಬಂತು, ಒಂದು ಡ್ರಮ್ಮೂ ಬಂತು. ಬೆಳಗ್ಗೆ ಡ್ರಮ್ ತುಂಬಿದೆಯೇ ಎಂದು ನೋಡುವ ಕೆಲಸ ನನ್ನದು. ಈಗ ಬೆಲ್ ಹೊಡೆದರೆ ಬಾಟಲಿ ನಿಜವಾಗಿ ಖಾಲಿಯಾಗುತ್ತದೆ, ತಲೆನೋವಿನ ಮಾತ್ರೆ ಕೇಳಿಕೊಂಡು ಬರುವವರು ಅಪರೂಪ.

ಇನ್ನು ಊಟದ ನಂತರದ ಪಿರಿಯಡ್. ಸಾಂಬಾರ್ ಅನ್ನವನ್ನು ಬೈದು ಪ್ರಯೋಜನವಿಲ್ಲ, ಆ ಹೊತ್ತಿನ ಮಂಪರು ಉಣ್ಣದಿದ್ದರೂ ಬರುತ್ತದೆ, ಮೈಯ ಗಡಿಯಾರವೇ ಹಾಗಿದೆ. ಹಾಗಾಗಿ ನೋಟ್ಸು, ಲೆಕ್ಕ ಎಲ್ಲ ಊಟಕ್ಕೆ ಮುಂಚೆ, ಪ್ರಯೋಗ ಮಧ್ಯಾಹ್ನಕ್ಕೆ. ಮೇಜಿನ ಸುತ್ತ ನಿಂತು ಲಿಟ್ಮಸ್ ಕಾಗದ ಅದ್ದುವವನಿಗೆ ನಿದ್ದೆ ಬರುವುದು ಕಷ್ಟ. ಗಣಿತದ ಮೇಷ್ಟ್ರು ಮಾತ್ರ ಟೈಮ್‌ಟೇಬಲ್ ಮುಟ್ಟಲು ಬಿಡಲಿಲ್ಲ. ನನ್ನ ಎರಡನೇ ಪಿರಿಯಡ್ ಅವರಿಗೆ ಬಿಟ್ಟುಕೊಟ್ಟು ಅವರ ಐದನೆಯದು ತೆಗೆದುಕೊಂಡ ಮೇಲೆ ಒಪ್ಪಿದರು.

ಎಸ್‌ಎಸ್‌ಎಲ್‌ಸಿ ಹತ್ತಿರ ಬಂದರೆ ಬೆಳಗಿನ ಜಾವ ಮನೆಗೆ ಫೋನ್ ಮಾಡಿ ಮಕ್ಕಳನ್ನು ಏಳಿಸುವ ಮೇಷ್ಟ್ರುಗಳಿದ್ದಾರೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹನ್ನೊಂದೂವರೆಗೆ ಮಲಗಿದವನನ್ನು ನಾಲ್ಕಕ್ಕೆ ಎಬ್ಬಿಸಿದರೆ ಓದುವುದು ಕಣ್ಣು ಮಾತ್ರ. ನಾನು ರಾತ್ರಿ ಒಂಬತ್ತೂವರೆಗೆ ಫೋನ್ ಮಾಡುತ್ತೇನೆ, ಪುಸ್ತಕ ಮುಚ್ಚಿಸಿ ಮಲಗಿಸಿ ಎಂದು. "ಎಲ್ರೂ ಏಳ್ಸೋಕೆ ಮಾಡಿದ್ರೆ ನೀವು ಮಲಗ್ಸೋಕೆ ಮಾಡ್ತೀರಲ್ಲ ಮೇಡಂ" ಎಂದು ಒಬ್ಬ ಅಪ್ಪ ನಕ್ಕರು.

ಐದಕ್ಕೇ ಎದ್ದು ಹಾಲು ಕರೆದು ಡೈರಿಗೆ ಹಾಕಿ ಬರುವ ಹುಡುಗರಿಗೆ ಇದ್ಯಾವುದೂ ಸಾಲದು. ಅಂಥವರಿಗೆ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಡೆಸ್ಕಿಗೆ ತಲೆ ಕೊಡಲು ಅನುಮತಿ ಇದೆ. ಬಿಇಒ ಬಂದು ಕೇಳಿದರೆ ಉತ್ತರ ನಾನು ಕೊಡುತ್ತೇನೆ ಎಂದು ಹೆಡ್‌ಮಾಸ್ಟರ್‌ಗೆ ಹೇಳಿಟ್ಟಿದ್ದೇನೆ.