ಎಂಜಿನ್‌ಗೆ ನೀರು ನುಗ್ಗಿದ ಕಾರಿಗೆ ವಿಮಾ ಪರಿಹಾರ ಪಡೆಯುವ ಬಗೆ

ನೀರು ನಿಂತ ರಸ್ತೆಯ ನಡುವೆ ಕಾರಿನ ಎಂಜಿನ್ ತಟ್ಟನೆ ನಿಂತುಹೋದರೆ ಅದನ್ನು ಮತ್ತೊಮ್ಮೆ ಸ್ಟಾರ್ಟ್ ಮಾಡಲು ಹೋಗಬೇಡಿ. ವಿಮೆಯ ಹಣ ಕೈಸೇರುವುದೋ ಇಲ್ಲವೋ ಎಂಬುದು ಹಲವು ಪ್ರಕರಣಗಳಲ್ಲಿ ಆ ಒಂದೆರಡು ನಿಮಿಷಗಳಲ್ಲಿಯೇ ತೀರ್ಮಾನವಾಗಿಬಿಡುತ್ತದೆ. ಕ್ಲೇಮು ಅರ್ಜಿ, ಹಾನಿಯನ್ನು ಅಳೆಯಲು ಬರುವ ಸರ್ವೇಯರ್, ಗ್ಯಾರೇಜಿನ ಅಂದಾಜು ಪಟ್ಟಿ ಎಲ್ಲವೂ ಆಮೇಲಿನ ಮಾತು. ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ಕಾರು ರಾತ್ರಿಯ ಮಳೆಗೆ ಮುಳುಗಿದ್ದರೂ ಇದೇ ಎಚ್ಚರ ಬೇಕು. ನೀರು ಇಳಿದ ಮೇಲೆ ಒಮ್ಮೆ ನೋಡಿಬಿಡೋಣ ಎಂದು ಕೀಲಿ ತಿರುಗಿಸುವುದು ಎಷ್ಟು ಸಹಜವೋ ಅಷ್ಟೇ ದುಬಾರಿಯಾದ ತಪ್ಪು.

ಇದರ ಕಾರಣ ಎಂಜಿನ್ನಿನ ಒಳಗಿದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲಾಗದು. ಏರ್ ಫಿಲ್ಟರಿನ ಮೂಲಕ ನೀರು ಸಿಲಿಂಡರ್ ಸೇರಿದ ಮೇಲೆ ಪಿಸ್ಟನ್ ಮೇಲೇರಲು ಹೋದಾಗ ನೀರು ಜಾಗ ಬಿಟ್ಟುಕೊಡುವುದಿಲ್ಲ. ಆ ಒತ್ತಡವನ್ನು ತಾಳಲಾರದೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಮುರಿದು ಎಂಜಿನ್ ಬ್ಲಾಕನ್ನೇ ತೂತು ಮಾಡುತ್ತದೆ. ಇದಕ್ಕೆ ಹೈಡ್ರೋಸ್ಟ್ಯಾಟಿಕ್ ಲಾಕ್ ಎನ್ನುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಸಂಕುಚನದ ಅನುಪಾತ ಹೆಚ್ಚಿರುವುದರಿಂದ ಸ್ವಲ್ಪವೇ ನೀರು ಒಳಹೊಕ್ಕರೂ ಹಾನಿ ದೊಡ್ಡದಾಗುತ್ತದೆ. ನಿಂತಿರುವ ಎಂಜಿನ್ನಿಗೆ ನೀರು ಸೇರಿದ್ದರೆ ಸಾಮಾನ್ಯವಾಗಿ ನೀರನ್ನು ಹೊರತೆಗೆದು, ಒಳಭಾಗವನ್ನು ತೊಳೆದು, ಎಣ್ಣೆ ಮತ್ತು ಫಿಲ್ಟರುಗಳನ್ನು ಬದಲಿಸಿದರೆ ಮುಗಿಯಬಹುದಾದ ಕೆಲಸವು ಸ್ಟಾರ್ಟರ್ ತಿರುಗಿದ ಕ್ಷಣದಲ್ಲಿ ಇಡೀ ಎಂಜಿನ್ನನ್ನು ಬಿಚ್ಚಿ ಕಟ್ಟುವ ಕೆಲಸವಾಗಿ ಬೆಳೆಯುತ್ತದೆ.

ವಿಮಾ ಕಂಪನಿ ಗೆರೆ ಎಳೆಯುವುದೂ ಇದೇ ಜಾಗದಲ್ಲಿ. ಭಾರತದ ಮೋಟಾರು ಪಾಲಿಸಿಯ ಸ್ವಂತ ಹಾನಿಯ ಭಾಗದಲ್ಲಿ ಪ್ರವಾಹ, ಜಲಾವೃತ, ಬಿರುಗಾಳಿ, ಚಂಡಮಾರುತಗಳಿಂದಾದ ಹಾನಿಗೆ ರಕ್ಷಣೆಯಿದೆ. ಆದರೆ ಅದೇ ಭಾಗದಲ್ಲಿ ತತ್ಪರಿಣಾಮದ ನಷ್ಟ (ಮೂಲ ಹಾನಿಯ ಬೆನ್ನಿಗೆ ಅದರ ಪರಿಣಾಮವಾಗಿ ಆಗುವ ನಷ್ಟ), ಸವೆತ, ಯಾಂತ್ರಿಕ ಅಥವಾ ವಿದ್ಯುತ್ ವೈಫಲ್ಯಗಳಿಗೆ ಹಣವಿಲ್ಲ ಎಂದೂ ಬರೆದಿದೆ. ನೀರು ತಾನಾಗಿ ಮಾಡಿದ ಹಾನಿ ಮೊದಲನೆಯದಕ್ಕೆ ಸೇರಿದರೆ, ನೀರಿದ್ದಾಗ ಎಂಜಿನ್ ತಿರುಗಿಸಿದ್ದರಿಂದ ಬಾಗಿದ ರಾಡ್ ಎರಡನೆಯದಕ್ಕೆ ಸೇರುತ್ತದೆ ಎಂಬುದು ಕಂಪನಿಗಳ ವಾದ. ಇದಕ್ಕೆ ಬಲ ಕೊಡುವ ಇನ್ನೊಂದು ಷರತ್ತೂ ಪಾಲಿಸಿಯಲ್ಲಿದೆ: ಅಪಘಾತವಾದಾಗ ಅಥವಾ ವಾಹನ ಕೆಟ್ಟು ನಿಂತಾಗ ಹಾನಿ ಹೆಚ್ಚದಂತೆ ಮಾಲೀಕನು ಮುಂಜಾಗ್ರತೆ ವಹಿಸಬೇಕು, ದುರಸ್ತಿಗೆ ಮುನ್ನ ವಾಹನವನ್ನು ಓಡಿಸಿದ್ದರಿಂದ ಬೆಳೆದ ಹಾನಿ ಅವನದೇ ಹೊಣೆ. ಮೂರನೇ ವ್ಯಕ್ತಿಯ ವಿಮೆ ಮಾತ್ರ ಇರುವವರಿಗೆ ಈ ಚರ್ಚೆಯೇ ಅನ್ವಯಿಸದು. ಕಾನೂನಿನ ಕನಿಷ್ಠ ಅಗತ್ಯವನ್ನು ಪೂರೈಸುವ ಆ ಪಾಲಿಸಿ ನಿಮ್ಮ ಕಾರಿನ ಹಾನಿಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಈ ಅಂತರವನ್ನು ತುಂಬುವುದಕ್ಕೆಂದೇ ಎಂಜಿನ್ ಪ್ರೊಟೆಕ್ಟ್ ಎಂಬ, ಹೆಚ್ಚಿನ ಹಣ ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ಆಡ್-ಆನ್ ಇದೆ. ಎಂಜಿನ್ ಮತ್ತು ಗೇರ್‌ಬಾಕ್ಸಿನ ಒಳಭಾಗಗಳಿಗೆ ನೀರಿನಿಂದಾದ ಹಾನಿಯನ್ನು ಅದು ಭರಿಸುತ್ತದೆ. ಮಳೆಯ ಮುನ್ಸೂಚನೆ ಕೇಳಿದ ಮೇಲೆ ಕೊಳ್ಳಬಹುದಾದ ವಸ್ತು ಅದಲ್ಲ. ಸಾಮಾನ್ಯವಾಗಿ ಪಾಲಿಸಿ ಆರಂಭಿಸುವಾಗ ಅಥವಾ ನವೀಕರಿಸುವಾಗ ಮಾತ್ರ ಸಿಗುತ್ತದೆ, ಕಾರು ಹಳೆಯದಾದಂತೆ ಕೊಡುವ ಕಂಪನಿಗಳೂ ಕಡಿಮೆಯಾಗುತ್ತವೆ. ಆದ್ದರಿಂದ ಇದನ್ನು ಓದುತ್ತಿರುವಾಗ ನಿಮ್ಮ ಕಾರು ಒಣಗಿದ ಜಾಗದಲ್ಲಿದ್ದರೆ ಇಂದೇ ಪಾಲಿಸಿಯ ಪತ್ರ ತೆರೆದು ಆಡ್-ಆನ್‌ಗಳ ಪಟ್ಟಿಯಲ್ಲಿ ಆ ಹೆಸರಿದೆಯೇ ನೋಡಿ. ಝೀರೋ ಡಿಪ್ರಿಸಿಯೇಷನ್ ಆಡ್-ಆನ್ ಇದೆಯಲ್ಲ ಎಂದು ಸಮಾಧಾನಪಡುವವರು ಬಹಳ. ಅದು ಭಾಗಗಳು ಹಳೆಯದಾದಂತೆ ಮಾಡುವ ಸವಕಳಿಯ ಕಡಿತವನ್ನು ತಪ್ಪಿಸುತ್ತದೆಯೇ ಹೊರತು ಎಂಜಿನ್ನಿನ ಒಳಹಾನಿಗೆ ತಾನಾಗಿ ರಕ್ಷಣೆ ಕೊಡುವುದಿಲ್ಲ.

ಇನ್ನು ಘಟನೆ ನಡೆದಾಗ ಮಾಡಬೇಕಾದ ಕೆಲಸ. ಮೊದಲು ಜನರು ಸುರಕ್ಷಿತವಾಗಿ ಹೊರಬರಲಿ. ನೀರಿನ ಮಟ್ಟ ಚಕ್ರದ ಯಾವ ಎತ್ತರಕ್ಕೆ, ಬಾಗಿಲಿನ ಯಾವ ಭಾಗಕ್ಕೆ ಮುಟ್ಟಿದೆ ಎಂಬುದು ಕಾಣುವಂತೆ ನಾಲ್ಕೂ ದಿಕ್ಕಿನಿಂದ ಫೋಟೋ ಮತ್ತು ವಿಡಿಯೋ ತೆಗೆಯಿರಿ. ನೋಂದಣಿ ಸಂಖ್ಯೆಯೂ ಸುತ್ತಲಿನ ಗುರುತುಗಳೂ ಅವುಗಳಲ್ಲಿ ಕಾಣಿಸಬೇಕು. ನೀರು ಇಳಿದ ಮೇಲೆ ಕಾರಿನ ಒಳಗೂ ಹೊರಗೂ ಉಳಿಯುವ ಕೆಸರಿನ ಗೆರೆ ಒಳ್ಳೆಯ ಸಾಕ್ಷಿ, ಅದನ್ನು ತೊಳೆಯುವ ಮುನ್ನ ಚಿತ್ರ ತೆಗೆದಿಡಿ. ಬ್ಯಾಟರಿಯನ್ನು ಸುಲಭವಾಗಿ ತಲುಪಬಹುದಾದರೆ ಋಣ ತುದಿಯ ತಂತಿಯನ್ನು ಕಳಚುವುದು ಒಳ್ಳೆಯದು, ಆದರೆ ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಏನನ್ನೂ ಮುಟ್ಟದೆ ತರಬೇತಿ ಪಡೆದವರಿಗೆ ಬಿಡಬೇಕು. ತಳ್ಳಿ ಸ್ಟಾರ್ಟ್ ಮಾಡುವುದು, ಬೇರೆ ಕಾರಿನ ಬ್ಯಾಟರಿಯಿಂದ ಎಬ್ಬಿಸುವುದು ಎರಡೂ ಕೀಲಿ ತಿರುಗಿಸಿದ್ದಕ್ಕೇ ಸಮ. ನೆರವಿಗೆ ಬಂದವರಿಗೂ ಇದನ್ನು ಸ್ಪಷ್ಟವಾಗಿ ಹೇಳಿ, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಬಂದ ಕೈಗಳೇ ಎಷ್ಟೋ ಸಲ ಎಂಜಿನ್ನನ್ನು ಕೊನೆಗಾಣಿಸಿವೆ.

ಅಲ್ಲಿಂದಲೇ ವಿಮಾ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಕ್ಲೇಮು ಸಂಖ್ಯೆ ಪಡೆಯಿರಿ. ಅನಂತರ ಅದೇ ವಿಷಯವನ್ನು ಇಮೇಲಿನಲ್ಲಿಯೂ ಬರೆಯಿರಿ, ಫೋನಿನ ಮಾತಿಗಿಂತ ಬರೆದದ್ದಕ್ಕೆ ತೂಕ ಹೆಚ್ಚು. ಕಾರನ್ನು ಎಳೆಸಿಕೊಂಡು ಹೋಗುವ ಬದಲು ಚಕ್ರಗಳು ನೆಲ ಮುಟ್ಟದ ಫ್ಲ್ಯಾಟ್‌ಬೆಡ್ ವಾಹನದಲ್ಲಿ ಸಾಗಿಸುವುದು ಕ್ಷೇಮ, ಆಟೋಮ್ಯಾಟಿಕ್ ಗೇರ್ ಇರುವ ಕಾರಿಗಂತೂ ಅದು ಅಗತ್ಯವೇ ಸರಿ. ಸಾಗಣೆಯ ರಸೀದಿಯನ್ನು ಇಟ್ಟುಕೊಳ್ಳಿ. ಎಂಜಿನ್ನನ್ನು ತಿರುಗಿಸದೆ ಸಾಗಿಸಲಾಯಿತು ಎಂಬುದಕ್ಕೆ ಆ ಕಾಗದವೂ ಒಂದು ಪುರಾವೆ.

ಘಟನೆಯ ವಿವರಣೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ, ಏಕೆಂದರೆ ನಿಜವಾದ ಕ್ಲೇಮುಗಳೂ ಇಲ್ಲಿಯೇ ಎಡವುತ್ತವೆ. ಅರ್ಜಿಯಲ್ಲಿ "ಎಂಜಿನ್ ಕೆಟ್ಟಿದೆ" ಎಂದಷ್ಟೇ ಬರೆದರೆ ಅದು ಯಾಂತ್ರಿಕ ವೈಫಲ್ಯವಾಗಿ ಓದಿಸಿಕೊಳ್ಳುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ರಸ್ತೆಯಲ್ಲಿ, ನೀರು ಹೇಗೆ ಏರಿತು, ಎಂಜಿನ್ ಯಾವಾಗ ನಿಂತಿತು, ಆಮೇಲೆ ಅದನ್ನು ಚಾಲೂ ಮಾಡಲು ಯತ್ನಿಸಲಿಲ್ಲ ಎಂಬುದನ್ನು ನಡೆದ ಕ್ರಮದಲ್ಲಿಯೇ ಬರೆಯಿರಿ. ಯತ್ನಿಸಿದ್ದರೆ ಅದನ್ನು ಮುಚ್ಚಿಡಬೇಡಿ. ಬಾಗಿದ ರಾಡ್, ಫಿಲ್ಟರಿನಲ್ಲಿನ ನೀರಿನ ಗುರುತು, ಎಂಜಿನ್ ನಿಯಂತ್ರಣ ಘಟಕದಲ್ಲಿ ದಾಖಲಾದ ದೋಷಸಂಕೇತಗಳು ನಡೆದದ್ದನ್ನು ಹೇಳಿಬಿಡುತ್ತವೆ. ಸುಳ್ಳು ಹೇಳಿಕೆಯಿಂದ ಸಿಗಬಹುದಾಗಿದ್ದ ಭಾಗಶಃ ಪರಿಹಾರವೂ ಕೈತಪ್ಪುತ್ತದೆ. ಆಡ್-ಆನ್ ಇಲ್ಲದಿದ್ದರೂ, ನಿಂತಿದ್ದ ಕಾರು ಮುಳುಗಿ, ಎಂಜಿನ್ ತಿರುಗದೇ ಇದ್ದಲ್ಲಿ ಹಾನಿಯ ನೇರ ಕಾರಣ ಪ್ರವಾಹವೇ ಎಂದು ಗಟ್ಟಿಯಾಗಿ ವಾದಿಸಲು ನಿಮಗೆ ಆಧಾರವಿದೆ. ಅಂಥ ಸಂದರ್ಭದಲ್ಲಿ ಕೈಚೆಲ್ಲಬೇಡಿ.

ಸರ್ವೇಯರ್ ನೋಡುವ ಮುನ್ನ ಗ್ಯಾರೇಜು ಎಂಜಿನ್ ಬಿಚ್ಚದಿರಲಿ. ಹಾಗೆಂದು ದಿನಗಟ್ಟಲೆ ಬಿಟ್ಟರೆ ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಯುತ್ತದೆ, ಆ ತುಕ್ಕನ್ನೂ ನಿಮ್ಮ ನಿರ್ಲಕ್ಷ್ಯವೆಂದು ಹೇಳಬಹುದು. ಆದ್ದರಿಂದ ಹಾನಿ ಹೆಚ್ಚದಂತೆ ನೀರನ್ನು ಬಸಿಯಲು ಅನುಮತಿ ಕೊಡಿ ಎಂದು ಮೊದಲ ದಿನವೇ ಇಮೇಲಿನಲ್ಲಿ ಕೇಳಿ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರ ಚಿತ್ರವಿರಲಿ. ಎಂಜಿನ್ ಬಿಚ್ಚುವಾಗ ನೀವೂ ಹಾಜರಿರಿ, ತೆಗೆದ ಭಾಗಗಳನ್ನು ಕ್ಲೇಮು ಮುಗಿಯುವ ತನಕ ಗ್ಯಾರೇಜಿನಲ್ಲೇ ಇರಿಸಿ. ಕ್ಲೇಮು ತಿರಸ್ಕೃತವಾದರೆ ಬಿಚ್ಚಿದ ಕೂಲಿ ನಿಮ್ಮ ಮೇಲೆ ಬೀಳಬಹುದಾದ್ದರಿಂದ ಅದೆಷ್ಟೆಂದು ಮೊದಲೇ ಬರೆಸಿಕೊಳ್ಳಿ. ಪಾಲಿಸಿ, ನೋಂದಣಿ ಪತ್ರ, ಚಾಲನಾ ಪರವಾನಗಿ, ಅಂದಾಜು ಪಟ್ಟಿ ಇವು ಮಾಮೂಲಿ ದಾಖಲೆಗಳು.

ಕೈಗೆ ಬರುವ ಮೊತ್ತ ಬಿಲ್ಲಿನಷ್ಟೇ ಇರುವುದಿಲ್ಲ. ಎಂಜಿನ್ ಸಾಮರ್ಥ್ಯ 1500 ಸಿಸಿ ಒಳಗಿದ್ದರೆ 1000 ರೂಪಾಯಿ, ಮೀರಿದರೆ 2000 ರೂಪಾಯಿಯ ಕಡ್ಡಾಯ ಕಡಿತವಿದೆ. ಝೀರೋ ಡಿಪ್ರಿಸಿಯೇಷನ್ ಆಡ್-ಆನ್ ಇಲ್ಲದಿದ್ದರೆ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೂ ಬ್ಯಾಟರಿಗೂ ಶೇ 50, ಎರಡರಿಂದ ಮೂರು ವರ್ಷದ ಕಾರಿನ ಲೋಹದ ಭಾಗಗಳಿಗೆ ಶೇ 15, ಐದರಿಂದ ಹತ್ತು ವರ್ಷದ ಕಾರಾದರೆ ಶೇ 40 ಕಳೆಯುತ್ತಾರೆ. ಎಂಜಿನ್ ಎಣ್ಣೆ, ಕೂಲಂಟ್, ನಟ್ಟು ಬೋಲ್ಟುಗಳಿಗೆ ಪ್ರತ್ಯೇಕ ಆಡ್-ಆನ್ ಬೇಕು. ದುರಸ್ತಿಯ ವೆಚ್ಚವು ಪಾಲಿಸಿಯಲ್ಲಿ ಘೋಷಿಸಿದ ಕಾರಿನ ಮೌಲ್ಯವಾದ ಐಡಿವಿಯ ಶೇ 75ನ್ನು ಮೀರಿದರೆ ಕಾರನ್ನು ಸಂಪೂರ್ಣ ನಷ್ಟವೆಂದು ಪರಿಗಣಿಸುತ್ತಾರೆ; ಐಡಿವಿ 6 ಲಕ್ಷವಾದರೆ ಆ ಗಡಿ 4.5 ಲಕ್ಷ. ಕೇವಲ ತೊಳೆದು ಎಣ್ಣೆ ಬದಲಿಸಿದರೆ ಸಾಕಾಗುವ ಸಣ್ಣ ಖರ್ಚಾದರೆ, ಕ್ಲೇಮು ಮಾಡದ ವರ್ಷಗಳಿಗಾಗಿ ಪ್ರೀಮಿಯಮ್ಮಿನಲ್ಲಿ ಸಿಗುವ, ಶೇ 50ರ ತನಕ ಬೆಳೆದ ನೋ ಕ್ಲೇಮ್ ಬೋನಸ್ ರಿಯಾಯಿತಿಯನ್ನು ಕಳೆದುಕೊಳ್ಳುವುದಕ್ಕಿಂತ ಸ್ವಂತ ಹಣ ಕೊಡುವುದೇ ಲಾಭ, ಲೆಕ್ಕ ಹಾಕಿ ನೋಡಿ.

ಐಆರ್‌ಡಿಎಐ ಎಂಬ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೊರಡಿಸಿದ ನಿಯಮಗಳಂತೆ ಸರ್ವೇಯರನ್ನು 24 ಗಂಟೆಗಳಲ್ಲಿ ನೇಮಿಸಬೇಕು, ವರದಿ 15 ದಿನಗಳಲ್ಲಿ ಬರಬೇಕು, ವರದಿ ಬಂದ 7 ದಿನಗಳಲ್ಲಿ ಕಂಪನಿ ತೀರ್ಮಾನಿಸಬೇಕು. ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಆಧಾರದ ಮೇಲೆ ಎಂಬುದನ್ನು ಲಿಖಿತವಾಗಿ ಕೇಳಿ, ಸರ್ವೇ ವರದಿಯ ಪ್ರತಿಯನ್ನೂ ಪಡೆಯಿರಿ. ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಹೋಗಬೇಕು, ಆ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿಯೂ ದಾಖಲಿಸಬಹುದು. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ, ಇಂಥ ದೂರುಗಳನ್ನು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲಿದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷಗಳ ಅವಧಿಯಿದೆ. ಆದರೆ ಆಯೋಗದ ಮುಂದಿರುವ ವ್ಯಾಜ್ಯವನ್ನು ಓಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲವಾದ್ದರಿಂದ, ಮೊದಲು ಓಂಬುಡ್ಸ್‌ಮನ್, ಅಲ್ಲಿ ತೃಪ್ತಿಯಾಗದಿದ್ದರೆ ಆಯೋಗ ಎಂಬ ಕ್ರಮವನ್ನೇ ಅನುಸರಿಸಿ.